ನನ್ನ ನೀರಿನ ರೆಕಾರ್ಡು

ಪಾತ್ರೆ ತೊಳೆಯಲು ಕೂರುವ ಮೊದಲು ನೀರಿಗೆ ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸುವುದು ನನ್ನ ಅಭ್ಯಾಸ. ಇವತ್ತು ನಿನ್ನೆಯದ್ದಲ್ಲ. ಮನೆಗೆ ಕಾರ್ಪೊರೇಶನಿನ ನಳ್ಳಿ ಬಂದು ಎಷ್ಟೋ ವರ್ಷವಾಯಿತು, ಆದರೆ ಆ ಸುದ್ದಿ ನನ್ನ ಬೆರಳಿಗೆ ಇನ್ನೂ ಮುಟ್ಟಿಲ್ಲ. ಸೊಸೆಗೆ ಇದನ್ನು ಕಂಡರೆ ಆಗುವುದಿಲ್ಲ. ಮೊನ್ನೆ ಅವಳ ತವರಿನವರು ಬಂದಿದ್ದಾಗ ನಾನು ಚಾಯದ ಲೋಟ ತೊಳೆಯಲು ಹೋಗಿ ಬೆರಳು ನೆಕ್ಕಿದ್ದನ್ನು ಅವಳ ಅಮ್ಮ ನೋಡಿಬಿಟ್ಟರು. ಆಮೇಲೆ ಅವರು ಚಾ ಬೇಡ ಎಂದದ್ದು ಸಕ್ಕರೆ ಕಾಯಿಲೆಯಿಂದ ಅಲ್ಲ ಎಂದು ನನಗೂ ಗೊತ್ತು.

ಅವರು ಹೋದ ಮೇಲೆ ಸೊಸೆ ಕೇಳಿದಳು. "ಅತ್ತೆ, ಎಂತ ಅಭ್ಯಾಸ ಅದು? ಎಲ್ಲಿಂದ ಕಲ್ತದ್ದು?"

"ಕಾಲೇಜಿನಲ್ಲಿ" ಎಂದೆ.

ಅವಳಿಗೆ ನಗು ಬಂತು. ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಕಾಲೇಜಿನಲ್ಲಿ ಹದಿನೇಳು ವರ್ಷ ಇದ್ದೆ. ಅಷ್ಟು ವರ್ಷ ಅಲ್ಲಿ ಯಾವ ವಿದ್ಯಾರ್ಥಿಯೂ ಉಳಿದದ್ದಿಲ್ಲ, ಫೇಲಾಗಿ ಫೇಲಾಗಿ ಒಂದಿಬ್ಬರು ಪ್ರಯತ್ನ ಮಾಡಿದ್ದರು. ಗುಡ್ಡೆಯ ಮೇಲಿನ ಆ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜು ತೊಳೆಯುವುದು ನನ್ನ ಕೆಲಸ. ಕೆಮಿಸ್ಟ್ರಿ ಗೊತ್ತಿಲ್ಲದವರು ಇದನ್ನು ಓದಲು ಹೆದರಬೇಕಾಗಿಲ್ಲ. ನನಗೂ ಗೊತ್ತಿಲ್ಲ. ತೊಳೆಯುವುದು ಗೊತ್ತು. ಇದನ್ನು ಬರೆದದ್ದು ನಾನೇ, ಒತ್ತಕ್ಷರ ಸರಿ ಮಾಡಿದ್ದು ಮೊಮ್ಮಗಳು.

ಆಗ ಪಿ.ಯು.ಸಿ. ಒಂದೇ ವರ್ಷ. ಹೊಸ ಮಕ್ಕಳು ಜೂನ್ ತಿಂಗಳಲ್ಲಿ ಒದ್ದೆ ಕೊಡೆ ಹಿಡಿದುಕೊಂಡು ಬರುತ್ತಿದ್ದರು. ಬಂದ ದಿನವೇ ಕಾಮತ್ ಸರ್ ಅವರನ್ನು ಸಾಲಾಗಿ ನಿಲ್ಲಿಸಿ ಹೆದರಿಸುತ್ತಿದ್ದರು. ಕಾಮತ್ ಸರ್ ಎಂದರೆ ನಮ್ಮ ಲ್ಯಾಬಿನ ಲೆಕ್ಚರರು. ಸಣಕಲು ಮನುಷ್ಯ, ಅಂಗಿಯ ಕೈಯಲ್ಲಿ ಆ್ಯಸಿಡ್ ಬಿದ್ದ ತೂತುಗಳು, ಸ್ವರ ಮಾತ್ರ ದೊಡ್ಡದು. ಅವರ ಭಾಷಣ ಪ್ರತಿ ವರ್ಷ ಅದೇ, ಕೇಳಿ ಕೇಳಿ ನನಗೆ ಬಾಯಿಪಾಠ ಆಗಿತ್ತು. ರಫ್ ಪುಸ್ತಕ ಒಂದು, ಫೇರ್ ರೆಕಾರ್ಡು ಒಂದು. ರೆಕಾರ್ಡಿನಲ್ಲಿ ಮೂರು ಕಾಲಂ. ಮಾಡಿದ್ದು ಒಂದರಲ್ಲಿ, ಕಂಡದ್ದು ಒಂದರಲ್ಲಿ, ಅದರಿಂದ ತಿಳಿದದ್ದು ಒಂದರಲ್ಲಿ. ಈ ವಾರ ಮಾಡಿದ್ದಕ್ಕೆ ಮುಂದಿನ ವಾರ ಸಹಿ. ಒಂದು ಸಹಿ ತಪ್ಪಿದರೂ ಪರೀಕ್ಷೆಯ ಬಾಗಿಲು ಮುಚ್ಚಿತು. ಪ್ರಾಕ್ಟಿಕಲಿನಲ್ಲಿ ಬೇರೆಯೇ ಪಾಸಾಗಬೇಕು, ಬರೆಯುವ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದರೂ ಇಲ್ಲಿ ಬಿದ್ದವ ಬಿದ್ದ. ಕೊನೆಗೆ ಮೂಗಿನ ಮೇಲೆ ಕನ್ನಡಕ ಏರಿಸಿ, "ಗೊತ್ತಿದ್ದದ್ದನ್ನು ಬರೀಬೇಡಿ, ಕಂಡದ್ದನ್ನು ಬರೀರಿ" ಎಂದು ಮುಗಿಸುತ್ತಿದ್ದರು.

ಮಕ್ಕಳು ಎರಡನ್ನೂ ಬರೆಯುತ್ತಿರಲಿಲ್ಲ. ಹಿಂದಿನ ವರ್ಷದವನ ರೆಕಾರ್ಡು ನೋಡಿ ಬರೆಯುತ್ತಿದ್ದರು. ಹಿಂದಿನ ವರ್ಷದವ ಅದರ ಹಿಂದಿನವನನ್ನು ನೋಡಿ ಬರೆದಿರುತ್ತಿದ್ದ. ಯಾವ ಕಾಲದಲ್ಲೋ ಒಬ್ಬ ಪುಣ್ಯಾತ್ಮ ಕಂಡದ್ದರ ಕಾಲಂನಲ್ಲಿ "ಕೈಗೆ ತಾಗಿ ಉರಿಯಿತು" ಎಂದು ಇಂಗ್ಲಿಷಿನಲ್ಲಿ ಬರೆದಿದ್ದನಂತೆ. ಒಂದು ವರ್ಷ ಹನ್ನೊಂದು ಜನರಿಗೆ ಅದೇ ಪ್ರಯೋಗದಲ್ಲಿ ಅದೇ ಜಾಗದಲ್ಲಿ ಕೈ ಉರಿಯಿತು. ಕಾಮತ್ ಸರ್ ಹನ್ನೊಂದು ಜನರನ್ನೂ ನಿಲ್ಲಿಸಿ ಕೈ ತೋರಿಸಿ ಎಂದರು. ಹನ್ನೊಂದು ಜೊತೆ ಕೈ, ಒಂದರಲ್ಲೂ ಒಂದು ಕಲೆ ಇಲ್ಲ. "ಕಲ್ಯಾಣೀ, ಇವರ ಕೈ ನೋಡು, ನಿನ್ನದಕ್ಕಿಂತ ಚಂದ ಉಂಟು" ಎಂದರು ನನ್ನನ್ನು ಕರೆದು. ನನ್ನ ಕೈ ಯಾಕೆ ಮಧ್ಯೆ ಬಂತು ಎಂದು ನನಗೆ ಸಿಟ್ಟು ಬಂತು.

ಲ್ಯಾಬಿನ ಗೋಡೆಯಲ್ಲಿ ನಿಯಮದ ಬೋರ್ಡು ಇತ್ತು. ಒಂದನೇ ನಿಯಮ, ಇಲ್ಲಿ ಯಾವುದನ್ನೂ ಬಾಯಿಗೆ ಹಾಕಬಾರದು. ಆ ಬೋರ್ಡಿನ ಕೆಳಗೇ ನಿಂತು ಮಕ್ಕಳು ಪಿಪೆಟ್ಟು ಎಂಬ ಗಾಜಿನ ಕೊಳವೆಯನ್ನು ಬಾಯಿಗೆ ಇಟ್ಟು ಔಷಧಿ ಎಳೆಯುತ್ತಿದ್ದರು, ಎಳೆಯಲು ಕಲಿಸುತ್ತಿದ್ದವರು ಕಾಮತ್ ಸರ್ರೇ. ಇದು ಹೇಗೆ ಎಂದು ನಾನು ಒಮ್ಮೆ ಕೇಳಿದೆ. ಅದು ಬೇರೆ ಎಂದರು. ಓದಿದವರಲ್ಲಿ ಪ್ರತಿಯೊಂದಕ್ಕೂ ಒಂದು "ಅದು ಬೇರೆ" ಇರುತ್ತದೆ.

ಮಕ್ಕಳಿಗೆ ಹೆಚ್ಚು ಹೆದರಿಕೆ ಇದ್ದದ್ದು ಪೊಟ್ಟಣದ ಪರೀಕ್ಷೆಯದ್ದು. ಒಬ್ಬೊಬ್ಬರಿಗೂ ಒಂದೊಂದು ನಂಬರಿನ ಪೊಟ್ಟಣ. ಒಳಗೆ ಒಂದು ಪುಡಿ. ಅದು ಯಾವ ಪುಡಿ ಎಂದು ಕಂಡುಹಿಡಿಯಬೇಕು. ನೀರಿನಲ್ಲಿ ಕದಡಿ ಒಂದೊಂದು ಟೆಸ್ಟ್‌ಟ್ಯೂಬಿಗೆ ಸ್ವಲ್ಪ ಸ್ವಲ್ಪ ಹಾಕಿ, ಒಂದಕ್ಕೆ ಈ ಔಷಧಿ, ಇನ್ನೊಂದಕ್ಕೆ ಆ ಔಷಧಿ ಬಿಟ್ಟು ನೋಡುವುದು. ಸಿಲ್ವರ್ ನೈಟ್ರೇಟ್ ಎರಡು ಹನಿ ಬಿಟ್ಟಾಗ ಮಜ್ಜಿಗೆಯ ಹಾಗೆ ಬೆಳ್ಳಗಾದರೆ ಕ್ಲೋರೈಡ್ ಎಂದು ಬರೆಯಬೇಕು. ಬೇರೆ ಔಷಧಿಗೆ ಬೆಳ್ಳಗಾದರೆ ಬೇರೆ ಹೆಸರು. ಒಂದು ಪೊಟ್ಟಣಕ್ಕೆ ಒಂದೇ ಹೆಸರು, ಎರಡು ಬರೆದರೆ ತಪ್ಪು.

ಪೊಟ್ಟಣ ಕಟ್ಟುವಾಗ ನಾನು ಅಲ್ಲೇ ಇರುತ್ತೇನೆ ಎಂದು ಮಕ್ಕಳಿಗೆ ಗೊತ್ತು. ಪರೀಕ್ಷೆ ಹತ್ತಿರ ಬಂದ ಹಾಗೆ ನನಗೆ ತಿನ್ನಲು ಹೋಟೆಲಿನ ಗೋಳಿಬಜೆ, ಬಿಸ್ಕುಟಂಬಡೆ ಬರಲು ಸುರುವಾಗುತ್ತಿತ್ತು. "ಕಲ್ಯಾಣಕ್ಕ, ಯಾವ ಬಾಟ್ಲಿಯಿಂದ ತೆಗ್ದದ್ದು?" ನಾನು ಗೋಳಿಬಜೆ ತಿಂದು ಮುಗಿಸಿ, ಬಿಳಿ ಚೀಟಿ ಅಂಟಿಸಿದ ಬಾಟ್ಲಿಯಿಂದ ಎನ್ನುತ್ತಿದ್ದೆ. ಲ್ಯಾಬಿನಲ್ಲಿ ಎಲ್ಲ ಬಾಟ್ಲಿಗೂ ಬಿಳಿ ಚೀಟಿಯೇ.

ಆ ಒಂದು ವರ್ಷ ನಫೀಸಾ ಎಂಬ ಹುಡುಗಿ ಬಂದಳು. ಬಂದರಿನಲ್ಲಿ ಒಣಮೀನಿನ ಗೋಡೌನು ಇದ್ದ ಹಸನಬ್ಬ ಸಾಹುಕಾರರ ಮಗಳು. ಅವರ ಪೈಕಿ ಹುಡುಗಿಯರು ಕಾಲೇಜಿನ ಮೆಟ್ಟಿಲು ಹತ್ತುವುದು ಆಗ ಇರಲಿಲ್ಲ. ಸಾಹುಕಾರರು ನನ್ನ ಅಮ್ಮನಿಗೆ ಗುರುತು, ಅಮ್ಮ ಅವರಲ್ಲಿಂದ ಒಣಮೀನು ಹೊತ್ತು ಮನೆಮನೆಗೆ ಮಾರಿದವಳು. ಮಗಳನ್ನು ಸೇರಿಸಲು ಬಂದ ದಿನ ಅವರು ಲ್ಯಾಬಿನ ಒಳಗೂ ಬಂದು, ಸುತ್ತ ನೋಡಿ, ಮೂಗು ಮುಚ್ಚಿಕೊಂಡರು. ಒಣಮೀನಿನ ಮಧ್ಯೆ ಹುಟ್ಟಿದ ಮನುಷ್ಯ ಮೂಗು ಮುಚ್ಚಿದ್ದನ್ನು ಕಂಡು ನನಗೆ ನಮ್ಮ ಲ್ಯಾಬಿನ ಮೇಲೆ ಸ್ವಲ್ಪ ಗೌರವ ಬಂತು.

ಕಾಮತ್ ಸರ್ ಹತ್ತಿರ ಅವರು ಹೇಳಿದ್ದು ಇಷ್ಟು. "ಒಂದು ವರ್ಷ, ಒಂದು ಪರೀಕ್ಷೆ ಸಾರ್. ಪಾಸಾದ್ರೆ ಮುಂದೆ ಓದ್ಲಿ, ನಾನು ಯಾರ ಮಾತೂ ಕೇಳುದಿಲ್ಲ. ಫೇಲಾದ್ರೆ ಮನೆ. ಎರಡನೇ ಸಲ ಕೂರುದು ಅಂತ ಇಲ್ಲ." ಮಗಳು ಪಕ್ಕದಲ್ಲೇ ತಲೆಯ ಮೇಲಿನ ಬಟ್ಟೆ ಸರಿಮಾಡುತ್ತ ನಿಂತಿದ್ದಳು. ಮುಂದೆ ಎಂತ ಓದುತ್ತಿ ಎಂದು ಆಮೇಲೆ ನಾನು ಕೇಳಿದ್ದಕ್ಕೆ, "ಮೊದಲು ಇದು" ಎಂದಳು. ಅಷ್ಟೇ ಮಾತು.

ಅವಳ ಜಾಗ ನನ್ನ ತೊಳೆಯುವ ತೊಟ್ಟಿಯ ಪಕ್ಕದ ಮೂಲೆ. ಗೋಳಿಬಜೆ ತಂದವಳಲ್ಲ. ಪೊಟ್ಟಣ ಕೇಳಿದವಳಲ್ಲ. ರೆಕಾರ್ಡು ಯಾರದ್ದೂ ನೋಡಿ ಬರೆದವಳೂ ಅಲ್ಲ, ಯಾಕೆಂದರೆ ಅವಳಿಗೆ ತೋರಿಸುವ ಹಿಂದಿನ ವರ್ಷದವಳು ಯಾರೂ ಇರಲಿಲ್ಲ. ಬರೆಯುತ್ತಿದ್ದದ್ದು ಗೋಡೌನಿನ ಅಟ್ಟದಲ್ಲಿ, ಮನೆಯಲ್ಲಿ ಮಕ್ಕಳ ಗಲಾಟೆ ಎಂದು. ಹಾಗಾಗಿ ಅವಳ ರೆಕಾರ್ಡು ತೆರೆದರೆ ಸಿಗಡಿ ಒಣಗಿಸಿದ ವಾಸನೆ. ಕಾಮತ್ ಸರ್ ಮೂಗಿಗೆ ಕೈ ತೆಗೆದುಕೊಂಡು ಹೋಗದೆ ಸಹಿ ಹಾಕುತ್ತಿದ್ದರು. ಒಂದು ಸಲ ಮಾತ್ರ ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು ರೆಕಾರ್ಡು ಬಂದು, ಸರ್ ಸಹಿ ಹಾಕಿ, ಹಸಿವಾಯಿತೆಂದು ಕೂಡಲೇ ಎದ್ದು ಮನೆಗೆ ಹೋದರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಗಾಜು ತೊಳೆಯುವುದಕ್ಕೂ ಕಾಮತ್ ಸರ್ ನಿಯಮ ಮಾಡಿದ್ದರು. ಮೊದಲು ಬ್ರಶ್ಶು, ಆಮೇಲೆ ಬಾವಿಯ ನೀರು, ಕೊನೆಗೆ ಬಟ್ಟಿ ಇಳಿಸಿದ ನೀರು ಒಂದು ಸುತ್ತು. ಈ ಬಟ್ಟಿ ನೀರು ಎಂದರೆ ಒಳ್ಳೆಯ ನೀರನ್ನು ಕುದಿಸಿ, ಆವಿ ಮಾಡಿ, ಆ ಆವಿಯನ್ನು ತಣಿಸಿ ಪುನಃ ನೀರು ಮಾಡುವುದು. ಇಷ್ಟೆಲ್ಲ ಮಾಡಿ ಸಿಗುವುದು ಕುಡಿದರೆ ರುಚಿಯೇ ಇಲ್ಲದ ನೀರು. ಅದನ್ನು ತೊಳೆದ ಗಾಜಿನ ಮೇಲೆ ಪುನಃ ಸುರಿದು ಚೆಲ್ಲುವುದು ನನಗೆ ಹುಚ್ಚಾಟ ಎಂದು ಕಾಣುತ್ತಿತ್ತು. ಯಾರೂ ನೋಡದಿದ್ದರೆ ಬಿಟ್ಟುಬಿಡುತ್ತಿದ್ದೆ.

ಆ ವರ್ಷ ಮಳೆ ಬೇಗ ನಿಂತಿತ್ತು. ಪರೀಕ್ಷೆಯ ಹೊತ್ತಿಗೆ ಗುಡ್ಡೆಯ ಬಾವಿಯಲ್ಲಿ ಕೊಡಪಾನ ಇಳಿಸಿದರೆ ಕೆಸರು ಬರುತ್ತಿತ್ತು. ಹೆಡ್ ಅಟೆಂಡರ್ ಐತಪ್ಪಣ್ಣ ಬಂದರಿನ ಹತ್ತಿರದ ಒಂದು ಬಾವಿಯಿಂದ ಗಾಡಿಯಲ್ಲಿ ಪೀಪಾಯಿ ನೀರು ತರಿಸಿದ. ಬಟ್ಟಿ ಇಳಿಸಲು ನೀರು ಸಾಲದು ಎಂದು ಇದ್ದ ಒಂದು ಜಾಡಿ ಬಟ್ಟಿ ನೀರನ್ನು ಬೀಗ ಹಾಕಿ ಇಟ್ಟ. ಪರೀಕ್ಷೆಯ ದಿನ ಮಕ್ಕಳಿಗೆ ತಲೆಗೆ ಅರ್ಧ ಬಾಟ್ಲಿ, ಪುಡಿ ಕದಡಲಿಕ್ಕೆ ಮಾತ್ರ. ನನಗೆ ಒಂದು ಹನಿ ಇಲ್ಲ.

ಗಾಡಿ ನೀರು ಉಪ್ಪು ಎಂದು ನನಗೆ ಗೊತ್ತಿತ್ತು. ನಮ್ಮಲ್ಲಿ ಸೆಕೆಗಾಲದಲ್ಲಿ ನದಿ ಸಣ್ಣದಾಗುತ್ತದೆ, ಸಮುದ್ರ ಮೇಲೆ ಬರುತ್ತದೆ, ಹತ್ತಿರದ ಬಾವಿಗಳೆಲ್ಲ ಉಪ್ಪಾಗುತ್ತವೆ. ಮಳೆ ಬಂದರೆ ಪುನಃ ಸೀ ಆಗುತ್ತವೆ. ಇದರಲ್ಲಿ ಹೇಳಲಿಕ್ಕೆ ಎಂತ ಉಂಟು? ಕುಡಿಯಲಿಕ್ಕೆ ಆಗದು, ತೊಳೆಯಲಿಕ್ಕೆ ಆದೀತು. ಅದೂ ಅಲ್ಲದೆ ಮೀನಿನ ಪಾತ್ರೆಗೆ ನಾವು ಉಪ್ಪು ಹಾಕಿಯೇ ತಿಕ್ಕುವುದು, ವಾಸನೆ ಹೋಗಲಿ ಎಂದು. ಹಾಗಾಗಿ ಈ ನೀರು ಇನ್ನೂ ಒಳ್ಳೆಯದು ಎಂದುಕೊಂಡು, ಪರೀಕ್ಷೆಯ ಬೆಳಿಗ್ಗೆ ಒಂದೊಂದು ಟೆಸ್ಟ್‌ಟ್ಯೂಬನ್ನೂ ಎರಡೆರಡು ಸಲ ಅದ್ದಿ ಅದ್ದಿ ತೊಳೆದಿಟ್ಟೆ. ಅಷ್ಟು ಶ್ರದ್ಧೆಯಿಂದ ನಾನು ನನ್ನ ಮಕ್ಕಳನ್ನೂ ಮೀಯಿಸಿರಲಿಲ್ಲ.

ಹೊರಗಿನಿಂದ ಪರೀಕ್ಷಕರು ಬಂದರು. ಘಟ್ಟದ ಮೇಲಿನವರು, ಕೋಟು, ಹಣೆಯಲ್ಲಿ ಬೆವರು. ಇಪ್ಪತ್ತು ಮಕ್ಕಳು, ಇಪ್ಪತ್ತು ಪೊಟ್ಟಣ. ಒಂದು ಗಂಟೆಯಲ್ಲಿ ಲ್ಯಾಬು ಪೂರ್ತಿ ಮಜ್ಜಿಗೆ. ಸಿಲ್ವರ್ ನೈಟ್ರೇಟ್ ಬಿಟ್ಟವರ ಟ್ಯೂಬು ಎಲ್ಲವೂ ಬೆಳ್ಳಗೆ. ಮಕ್ಕಳಿಗೆ ಖುಷಿಯೋ ಖುಷಿ, ಕ್ಲೋರೈಡ್ ಬರೆದು, ಮುಂದಿನ ಟ್ಯೂಬು ನೋಡುವ ಕಷ್ಟ ತೆಗೆದುಕೊಳ್ಳದೆ ಪೇಪರು ಕೊಟ್ಟರು. ಪರೀಕ್ಷಕರು ತಮ್ಮ ಪಟ್ಟಿ ತೆಗೆದು ನೋಡಿದರೆ ಇಪ್ಪತ್ತರಲ್ಲಿ ಕ್ಲೋರೈಡ್ ಇದ್ದದ್ದು ಐದು ಪೊಟ್ಟಣದಲ್ಲಿ.

ಮೂಲೆಯಲ್ಲಿ ನಫೀಸಾ ಮಾತ್ರ ಇನ್ನೂ ಮುಗಿಸಿರಲಿಲ್ಲ. ಅವಳಿಗೂ ಅಲ್ಲಿ ಬೆಳ್ಳಗಾಗಿತ್ತು. ಆದರೆ ಅವಳು ಮುಂದಿನ ಔಷಧಿಯನ್ನೂ ಬಿಟ್ಟು ನೋಡಿದ್ದಳು, ಅದೂ ಬೆಳ್ಳಗೆ. ಆಮೇಲೆ ನಾನು ತೊಳೆದಿಟ್ಟ ಖಾಲಿ ಟ್ಯೂಬು ಒಂದನ್ನು ತೆಗೆದು, ಪುಡಿ ಹಾಕದೆ, ಬರೀ ಬಟ್ಟಿ ನೀರಿಗೇ ಎರಡು ಹನಿ ಬಿಟ್ಟಳು. ಬೆಳ್ಳಗೆ. ಇನ್ನೊಂದು ಟ್ಯೂಬನ್ನು ಉಳಿದ ಬಟ್ಟಿ ನೀರಿನಲ್ಲಿ ಮೂರು ಸಲ ತೊಳೆದು ಹಾಗೆಯೇ ಮಾಡಿದಳು. ಬೆಳ್ಳಗಾಗಲಿಲ್ಲ. ಆಗ ತಲೆ ಎತ್ತಿ ನನ್ನ ಪೀಪಾಯಿಯ ಕಡೆ ಒಂದು ಸಲ ನೋಡಿದಳು. ಬಂದರಿನ ಹುಡುಗಿ, ಅವಳಿಗೆ ಆ ನೀರಿನ ಗುರುತು ಹೇಳಿಕೊಡಬೇಕಾಗಿರಲಿಲ್ಲ. ಮತ್ತೆ ಅರ್ಧ ಪುಟ ಬರೆದು ಕೊಟ್ಟಳು.

ಪರೀಕ್ಷಕರು ಅವಳನ್ನು ಮೇಜಿನ ಹತ್ತಿರ ಕರೆದರು. ರೆಕಾರ್ಡು ತೆರೆದರು, ಸಿಗಡಿ ವಾಸನೆಗೆ ಅದನ್ನು ಕೈಯಳತೆ ದೂರ ಇಟ್ಟರು. ಪೇಪರಿನಲ್ಲಿ ಎರಡು ಬೆಳ್ಳಗಿನ ಕತೆ ಬರೆದಿದ್ದೀಯಲ್ಲ, ಒಂದು ಪೊಟ್ಟಣಕ್ಕೆ ಒಂದೇ ಎಂದು ಗೊತ್ತಿಲ್ಲವಾ ಎಂದು ಕೇಳಿದರು. ಒಂದು ಪುಡಿಯದ್ದು, ಇನ್ನೊಂದು ಟ್ಯೂಬು ತೊಳೆದ ನೀರಿನದ್ದು ಎಂದಳು ಅವಳು. ಅದು ಬಾವಿಯ ನೀರು ಸರ್, ಈಗ ಉಪ್ಪಾಗಿರುತ್ತದೆ.

"ಬಾವಿ ನೀರು ಉಪ್ಪಾಗುತ್ತೇನಮ್ಮಾ? ಯಾರಿಗೆ ಹೇಳ್ತೀಯ ಕತೆ" ಎಂದರು. ಅವರ ಊರಿನಲ್ಲಿ ಬಾವಿ ಹೆಚ್ಚೆಂದರೆ ಒಣಗುತ್ತದೆ, ಉಪ್ಪಾಗುವುದಿಲ್ಲ. ಇಡೀ ತರಗತಿ ಒಂದನ್ನು ನೋಡಿ ಒಂದು ಬರೆದಿದೆ, ನೀನು ಮಾತ್ರ ಎರಡೂ ಇರಲಿ ಎಂದು ಬರೆದು ತೊಳೆದವರ ಮೇಲೆ ಹಾಕಿದ್ದೀಯ, ಇದಕ್ಕೆ ಸೊನ್ನೆ ಎಂದು ಕೆಂಪು ಪೆನ್ನು ತೆಗೆದರು. ಅವಳು ಅಲ್ಲೇ ನಿಂತಳು. ಸೊನ್ನೆ ಎಂದರೆ ಫೇಲು, ಫೇಲು ಎಂದರೆ ಮನೆ. ಇದು ಆ ಪರೀಕ್ಷಕರಿಗೆ ಗೊತ್ತಿಲ್ಲ, ನನಗೆ ಗೊತ್ತುಂಟು.

ಗಾಜು ತೊಳೆದವರು ಯಾರು ಎಂದು ಅವರು ಕೇಳಿದರು. ನಫೀಸಾ ನನ್ನನ್ನು ನೋಡಲಿಲ್ಲ. "ಗೊತ್ತಿಲ್ಲ ಸರ್" ಎಂದಳು. ಒಂದು ವರ್ಷ ನನ್ನ ಪಕ್ಕದಲ್ಲಿ ಕೂತವಳು.

ಐತಪ್ಪಣ್ಣ ಹಿಂದಿನಿಂದ ಬಂದು ನನ್ನ ಕಿವಿಯಲ್ಲಿ, ಗುಡ್ಡೆಯ ಬಾವಿಯ ನೀರು ಎಂದು ಹೇಳು, ಇಲ್ಲದಿದ್ದರೆ ನಾಳೆಯಿಂದ ನಿನಗೆ ಮನೆಯಲ್ಲೇ ಪಾತ್ರೆ ಎಂದ. ನಾನು ಸತ್ಯವಂತೆ ಎಂದು ಹೇಳಿಕೊಳ್ಳುವುದಿಲ್ಲ. ಅಮ್ಮನ ಜೊತೆ ಮೀನು ಮಾರುವಾಗ ನಿನ್ನೆಯ ಮೀನನ್ನು ಇವತ್ತಿನದ್ದೆಂದು ಎಷ್ಟೋ ಸಲ ಹೇಳಿದ್ದೇನೆ. ಆದರೆ ಹದಿನೇಳು ವರ್ಷದ ಈ ಚೋಟು ಹುಡುಗಿ ನನ್ನನ್ನು ಉಳಿಸಲು ನೋಡುವುದೆಂದರೆ ಎಂತ? ನನ್ನ ಕೆಲಸ ಕಾಪಾಡಲು ಇವಳು ಯಾರು? ಎರಡು ಮಕ್ಕಳನ್ನು ಹೆತ್ತವಳು ನಾನು. ಕೋಪ ನೆತ್ತಿಗೆ ಏರಿತು. ಪೀಪಾಯಿಯಿಂದ ಒಂದು ಬಕೆಟು ನೀರು ತುಂಬಿಸಿ ಪರೀಕ್ಷಕರ ಮೇಜಿನ ಮೇಲೆ, ಅವರ ಕಾಗದಗಳ ಪಕ್ಕದಲ್ಲೇ ಇಟ್ಟೆ.

"ತೊಳೆದದ್ದು ನಾನು. ನೀರು ಇದು. ಕುಡಿದು ನೋಡಿ."

ಪರೀಕ್ಷಕರು ಬಕೆಟು ನೋಡಿದರು. ಗೋಡೆಯ ಬೋರ್ಡು ನೋಡಿದರು, ಯಾವುದನ್ನೂ ಬಾಯಿಗೆ ಹಾಕಬಾರದು. ಆಮೇಲೆ ಕಾಮತ್ ಸರ್ ಮುಖ ನೋಡಿದರು. ಕಾಮತ್ ಸರ್ "ಅದು ಬೇರೆ" ಎಂದು ಮೆಲ್ಲಗೆ ಹೇಳಿ, ತಾವೇ ಮೊದಲು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಮುಖ ಹುಳ್ಳಗಾಯಿತು. ಐತಪ್ಪಣ್ಣನಿಗೂ ನೆಕ್ಕಲು ಹೇಳಿದರು, ಅವನು ಗೊತ್ತಿದ್ದೂ ನೆಕ್ಕಿ, ಗೊತ್ತಿಲ್ಲದವನ ಹಾಗೆ ಮುಖ ಮಾಡಿದ. ಕೊನೆಗೆ ಪರೀಕ್ಷಕರು ಕೋಟಿನ ತೋಳು ಮೇಲೆ ಮಾಡಿ ಒಂದು ಬೆರಳು ಅದ್ದಿದರು. ಅವರ ಹುಬ್ಬು ಹೋದ ಎತ್ತರ ನೋಡಿದರೆ ಅವರು ಸಮುದ್ರವನ್ನೇ ಅದೇ ಮೊದಲು ಕಂಡದ್ದಿರಬೇಕು.

ಎಲ್ಲರೂ ನೆಕ್ಕಿ ಮುಗಿದ ಮೇಲೆ ನಫೀಸಾ ಬಾಯಿ ಬಿಟ್ಟಳು. "ನೆಕ್ಕುವುದು ಯಾಕೆ ಸರ್, ಸಿಲ್ವರ್ ನೈಟ್ರೇಟ್ ಉಂಟಲ್ಲ." ಬಕೆಟಿನ ನೀರನ್ನು ಟ್ಯೂಬಿಗೆ ತೆಗೆದು ಎರಡು ಹನಿ ಬಿಟ್ಟು ಅವರ ಕಣ್ಣೆದುರು ಹಿಡಿದಳು. ದಪ್ಪ ಮಜ್ಜಿಗೆ.

ಪರೀಕ್ಷಕರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. ಮಧ್ಯಾಹ್ನ ಬೀಗದ ಜಾಡಿ ತೆಗೆಸಿ, ಎಲ್ಲ ಟ್ಯೂಬನ್ನೂ ಬಟ್ಟಿ ನೀರಲ್ಲಿ ತೊಳೆಸಿ, ಉಳಿದ ಹತ್ತೊಂಬತ್ತು ಜನರಿಗೆ ಪುನಃ ಪರೀಕ್ಷೆ ಮಾಡಿಸಿದರು. ಈ ಸಲ ಟ್ಯೂಬು ತಿಳಿಯಾಗಿದ್ದರೂ ನಾಲ್ಕು ಜನ ಪುನಃ ಕ್ಲೋರೈಡ್ ಎಂದೇ ಬರೆದರು, ಬೆಳಿಗ್ಗೆ ಹಾಗೆಯೇ ಇತ್ತಲ್ಲ ಎಂದು. ನಫೀಸಾಳಿಗೆ ಎಂತ ಕೊಟ್ಟರು ಎಂದು ಅವರು ಹೇಳಲಿಲ್ಲ. ಫಲಿತಾಂಶದವರೆಗೆ ಹೇಳುವ ಕ್ರಮ ಇಲ್ಲವಂತೆ.

ನನ್ನ ಕೆಲಸ ಹೋಗಲಿಲ್ಲ. ಅದರ ಬದಲು ಕಾಮತ್ ಸರ್ ನನ್ನನ್ನು ವಿದ್ಯಾರ್ಥಿ ಮಾಡಿದರು. ಒಂದು ಸಣ್ಣ ಬಾಟ್ಲಿ ಸಿಲ್ವರ್ ನೈಟ್ರೇಟ್, ಒಂದು ಖಾಲಿ ಪುಸ್ತಕ. ಪ್ರತಿ ಬೆಳಿಗ್ಗೆ ತೊಳೆಯುವ ಮೊದಲು ನೀರಿಗೆ ಎರಡು ಹನಿ ಬಿಡಬೇಕು, ಬೆಳ್ಳಗಾದರೆ "ಉಂಟು", ಆಗದಿದ್ದರೆ "ಇಲ್ಲ" ಎಂದು ಬರೆಯಬೇಕು. ಎರಡನೇ ಕ್ಲಾಸಿನಲ್ಲಿ ಕಲಿತ ಅಕ್ಷರ ಪೂರ್ತಿ ಮರೆತಿದ್ದೆ. ಆ ಎರಡು ಶಬ್ದದಿಂದ ಪುನಃ ಸುರು ಮಾಡಿದೆ. ಶನಿವಾರ ಸಹಿ. ಆ ಔಷಧಿ ತಾಗಿದ ಬೆರಳು ಕಪ್ಪಾಗಿ ವಾರವಾದರೂ ಹೋಗುತ್ತಿರಲಿಲ್ಲ, ನೆರೆಮನೆಯವಳು ನನಗೆ ಏನೋ ರೋಗ ಎಂದು ಮಕ್ಕಳನ್ನು ದೂರ ಇಟ್ಟಳು. ಒಂದು ಶನಿವಾರ ಸರ್ ಸಹಿ ಹಾಕದೆ ಪುಸ್ತಕ ಹಿಂದೆ ಕೊಟ್ಟರು. ನಾನು ಬರುವ ಸೋಮವಾರದ್ದನ್ನೂ ಮಂಗಳವಾರದ್ದನ್ನೂ ಮೊದಲೇ ಬರೆದಿಟ್ಟಿದ್ದೆ.

ಮಳೆ ಬಂತು, ನೀರು ಸೀ ಆಯಿತು. ಪುಸ್ತಕದಲ್ಲಿ ಸಾಲಾಗಿ "ಇಲ್ಲ" "ಇಲ್ಲ" "ಇಲ್ಲ" ಬರೆಯುತ್ತಿದ್ದ ಒಂದು ಬೆಳಿಗ್ಗೆ ಫಲಿತಾಂಶದ ಪಟ್ಟಿ ಅಂಟಿಸಿದರು, ಪಾಸಾದವರದ್ದು ಮಾತ್ರ. ಕೊಡೆಗಳ ನೂಕುನುಗ್ಗಲು. ಗೇಟಿನ ಹೊರಗೆ ಹಸನಬ್ಬ ಸಾಹುಕಾರರ ಜಟಕಾ ನಿಂತಿತ್ತು. ಒಳಗೆ ಅವರು, ಪಕ್ಕದಲ್ಲಿ ಮಗಳು. ಗಂಡುಮಕ್ಕಳ ಆ ಗುಂಪಿಗೆ ಅವಳು ನುಗ್ಗುವ ಹಾಗಿಲ್ಲ, ಅವರಿಗೆ ಇಂಗ್ಲಿಷು ಬಾರದು.

ನನಗೂ ಹೆಸರು ಓದಲು ಬಾರದು. ಆದರೆ ಪೊಟ್ಟಣ ಜೋಡಿಸಿ ಜೋಡಿಸಿ ನಂಬರು ಬರುತ್ತದೆ. ಅವಳದ್ದು ನಾನೂರ ಹದಿನೇಳು. ತೊಳೆಯುವ ಕೈ ಒದ್ದೆಯಾಗಿಯೇ ಇತ್ತು, ಆ ಕಪ್ಪು ಬೆರಳು ಕಂಡು ಹುಡುಗರು ದಾರಿ ಬಿಟ್ಟರು. ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದೆ. ಕೆಳಗಿಂದ ಮೇಲೆ ಒಮ್ಮೆ ನೋಡಿದೆ. ಮಳೆಯಲ್ಲಿ ಗೇಟಿಗೆ ಹೋದೆ.

ಸಾಹುಕಾರರು ಜಟಕಾದಿಂದ ತಲೆ ಹೊರಗೆ ಹಾಕಿದರು. "ಎಂತ ಕಲ್ಯಾಣಿ?"

"ಉಂಟು" ಎಂದೆ.

ಅವರು ಕುದುರೆಯ ಬೆನ್ನು ನೋಡಿದರು. ಆಮೇಲೆ ನನ್ನ ಹತ್ತಿರ, "ನೀರು ಉಪ್ಪಾ ಅಂತ ನೋಡ್ಲಿಕ್ಕೆ ಇಷ್ಟು ದೊಡ್ಡ ಕಟ್ಟೋಣ ಬೇಕಾ?" ಎಂದರು. ಮುಂದಿನ ಕ್ಲಾಸಿಗೆ ಹೆಸರು ಬರೆಸುವುದು ಯಾವ ಕೋಣೆಯಲ್ಲಿ ಎಂದು ಅದೇ ಉಸಿರಿನಲ್ಲಿ ಕೇಳಿದರು. ನಫೀಸಾ ಮುಖಕ್ಕೆ ಬಟ್ಟೆ ಅಡ್ಡ ಹಿಡಿದಿದ್ದಳು, ಹಿಂದೆ ಎಂತ ಇತ್ತು ನಾನು ನೋಡಲಿಲ್ಲ.

ಆ ಶನಿವಾರ ಕಾಮತ್ ಸರ್ ನನ್ನ ಪುಸ್ತಕ ತೆರೆದರು. ವಾರದ ಆರು ಸಾಲು "ಇಲ್ಲ". ಅದರ ಮಧ್ಯೆ ಒಂದು ಸಾಲು, ೪೧೭, ಉಂಟು. ಅವರು ಕನ್ನಡಕ ಏರಿಸಿದರು.

"ಇದು ಯಾವ ಪ್ರಯೋಗ ಕಲ್ಯಾಣಿ?"

"ಕಂಡದ್ದನ್ನು ಬರೀಬೇಕು ಅಂತ ನೀವೇ ಹೇಳಿದ್ದಲ್ವಾ ಸರ್" ಎಂದೆ.

ಅವರು ಆ ಸಾಲನ್ನು ಇನ್ನೊಮ್ಮೆ ಓದಿದರು, ಸಹಿ ಹಾಕಿದರು.